ಕಣ್ಣಳತೆ ಮತ್ತು ಟೇಪು

ಅರಸೀಕೆರೆಯಲ್ಲಿ ನಮ್ಮಮ್ಮ ರವಿಕೆ ಹೊಲಿಯುತ್ತಿದ್ದಳು. ರೈಲ್ವೆ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಒಂದು ಹೊಲಿಗೆ ಮಿಷನ್ನು, ಅಮ್ಮನ ಕುತ್ತಿಗೆಯಲ್ಲಿ ಸದಾ ಒಂದು ಬಟ್ಟೆಯ ಟೇಪು. ಹತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಯಾದರೂ ಪ್ರತಿ ಸಲ ಹೊಸದಾಗಿ ಅಳತೆ ತೆಗೆಯುತ್ತಿದ್ದಳು. "ಕಣ್ಣಳತೆ ಸೀರೆ ಆರಿಸೋಕೆ ಸಾಕು, ರವಿಕೆ ಕತ್ತರಿಸೋಕೆ ಸಾಲ್ದು" ಅನ್ನುವುದು ಅವಳ ಮಾತು. ನನ್ನ ಡಾಕ್ಟರೇಟ್ ಪ್ರಾಜೆಕ್ಟ್ ಹೆಚ್ಚುಕಡಿಮೆ ಇಷ್ಟೇ: ಆ ಟೇಪನ್ನು ಶಿಕಾಗೊದ ಒಂದು ಐಸಿಯುಗೆ ತಂದದ್ದು. ತರುವುದಕ್ಕೆ ನಾಲ್ಕು ವರ್ಷ ಬೇಕಾಯಿತು.

ಊರ ಕಡೆಯ ಜೂನಿಯರ್‌ಗಳು ವಾಟ್ಸಾಪಿನಲ್ಲಿ ಆಗಾಗ ಕೇಳುತ್ತಾರೆ: "ಅಕ್ಕಾ, ಡಿಎನ್‌ಪಿ ಅಂದ್ರೆ ಪಿಎಚ್‌ಡಿನಾ? ಮುಗಿಸಿದ್ರೆ ಡಾಕ್ಟರ್ ಆಗ್ತೀವಾ?" ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿ ಬರೆಯಲು ಕೂತಿದ್ದೇನೆ.

ಡಿಎನ್‌ಪಿ ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್. ಪಿಎಚ್‌ಡಿ ಮಾಡುವವರು ಹೊಸದನ್ನು ಕಂಡುಹಿಡಿಯಬೇಕು. ಡಿಎನ್‌ಪಿಯವರು ಈಗಾಗಲೇ ಗೊತ್ತಿರುವುದನ್ನು ರೋಗಿಯ ಮಂಚದವರೆಗೆ ತಲುಪಿಸಬೇಕು. ನಾನು ಓದಿದ್ದು ವಯಸ್ಕರ ಮತ್ತು ವೃದ್ಧರ ಅಕ್ಯೂಟ್ ಕೇರ್ ವಿಭಾಗ. ಅಂದರೆ ಐಸಿಯು, ಎಮರ್ಜೆನ್ಸಿ, ಟ್ರಾಮಾ, ಒಟ್ಟಿನಲ್ಲಿ ಇವತ್ತು ಏನಾಗುತ್ತದೋ ಎನ್ನುವ ಸ್ಥಿತಿಯ ರೋಗಿಗಳು. ಓದು ಮುಗಿಸಿ, ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ, ರಾಜ್ಯದ ಲೈಸೆನ್ಸ್ ಸಿಕ್ಕಿದರೆ ನೀವು ನರ್ಸ್ ಪ್ರಾಕ್ಟೀಷನರ್. ರೋಗಿಯನ್ನು ಪರೀಕ್ಷಿಸಬಹುದು, ರೋಗ ಏನೆಂದು ನಿರ್ಧರಿಸಬಹುದು, ಟೆಸ್ಟ್ ಬರೆಯಬಹುದು, ಔಷಧಿ ಬರೆಯಬಹುದು. ಈ ಹುದ್ದೆ ಹುಟ್ಟಿದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಶುರುಮಾಡಿದ್ದು. ವೈದ್ಯರು ಸಿಗದ ಕಡೆ ಮಕ್ಕಳ ಆರೋಗ್ಯ ನೋಡಿಕೊಳ್ಳಲೆಂದು ಹುಟ್ಟಿದ ಕೆಲಸ ಐಸಿಯು ಬಾಗಿಲಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ.

ನಾನು ಆ ಬಾಗಿಲಿಗೆ ಬಂದದ್ದೂ ಸುತ್ತುದಾರಿಯಲ್ಲೇ. ಮೈಸೂರಿನಲ್ಲಿ ಬಿಎಸ್ಸಿ ನರ್ಸಿಂಗ್, ಬೆಂಗಳೂರಿನಲ್ಲಿ ಮೂರು ವರ್ಷ ಐಸಿಯು, ಆಮೇಲೆ ಮದುವೆ. 2010ರಲ್ಲಿ ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ವೀಸಾದಲ್ಲಿ, ಅಮೆರಿಕಕ್ಕೆ ಬಂದೆ. ಆ ವೀಸಾದಲ್ಲಿ ಓದಬಹುದಿತ್ತು, ದುಡಿಯುವಂತಿರಲಿಲ್ಲ. 2012ರಲ್ಲಿ ಎನ್‌ಕ್ಲೆಕ್ಸ್, ಅಂದರೆ ಇಲ್ಲಿ ನರ್ಸ್ ಲೈಸೆನ್ಸಿಗೆ ಬೇಕಾದ ಪರೀಕ್ಷೆ, ಬರೆದೆ. ಆಗ ಕನಿಷ್ಠ 75 ಪ್ರಶ್ನೆ, ಗರಿಷ್ಠ 265. ನನಗೆ 75ಕ್ಕೇ ಪರದೆ ಆರಿಹೋಯಿತು. ಚೆನ್ನಾಗಿ ಬರೆದವರಿಗೂ ಹಾಗೇ ಆಗುತ್ತದೆ, ತೀರಾ ಕೆಟ್ಟದಾಗಿ ಬರೆದವರಿಗೂ ಹಾಗೇ ಆಗುತ್ತದೆ. ಪಾಸಾಗಿತ್ತು. ಆದರೆ ಆ ಪಾಸನ್ನು ಮೂರು ವರ್ಷ ಫೈಲಿನಲ್ಲಿಟ್ಟುಕೊಂಡು ಮಗನಿಗೆ ಗಂಜಿ ಕಲಸುತ್ತಾ ಕೂತಿದ್ದೆ. 2015ರ ಮೇ ತಿಂಗಳಲ್ಲಿ ನಿಯಮ ಬದಲಾಗಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಹೆಂಡತಿಯರಿಗೆ, ಗಂಡಂದಿರಿಗೆ ಕೆಲಸದ ಪರವಾನಗಿ ಸಿಕ್ಕಿತು. ಆ ವರ್ಷವೇ ನೈಟ್ ಡ್ಯೂಟಿಗೆ ಸೇರಿದೆ.

ಐದು ವರ್ಷ ಕಳೆದ ಮೇಲೆ ಡಿಎನ್‌ಪಿಗೆ ಅರ್ಜಿ ಹಾಕಿದೆ. ಅಮೆರಿಕದ ಕಡೆಯ ಕಾಗದಗಳು ಒಂದು ವಾರದಲ್ಲಿ ಮುಗಿದವು. ಊರಿನ ಟ್ರಾನ್ಸ್‌ಕ್ರಿಪ್ಟಿಗೆ, ಅಂದರೆ ಓದಿನ ಅಂಕಗಳ ಅಧಿಕೃತ ದಾಖಲೆಗೆ, ನನ್ನ ತಮ್ಮ ಮೂರು ಸಲ ಬಸ್ಸು ಹತ್ತಿದ. ಮೊದಲ ಸಲ ಸಹಿ ಹಾಕುವವರು ರಜೆ, ಎರಡನೇ ಸಲ ಲಕೋಟೆಯ ಮೇಲೆ ಮೊಹರು ಬಿದ್ದಿರಲಿಲ್ಲ. ಮೂರನೇ ಸಲ ಅವನು ಹಿಂದಿನ ರಾತ್ರಿಯೇ ಹೋಗಿ ಲಾಡ್ಜಿನಲ್ಲಿ ಉಳಿದು, ಬಾಗಿಲು ತೆಗೆಯುವ ಮೊದಲೇ ಕೌಂಟರಿನ ಮುಂದೆ ನಿಂತಿದ್ದ. ಈ ದಾರಿಗೆ ಬರಬೇಕೆಂದಿರುವವರು ಊರು ಬಿಡುವ ಮುಂಚೆಯೇ ಮೂರು ನಾಲ್ಕು ಪ್ರತಿ ತೆಗೆದಿಟ್ಟುಕೊಳ್ಳಿ.

ತರಗತಿ ಶುರುವಾದದ್ದು 2020ರ ಆಗಸ್ಟ್‌ನಲ್ಲಿ. ಯಾವ ಕಾಲ ಅಂತ ಹೇಳಬೇಕಿಲ್ಲ. ವಾರದಲ್ಲಿ ಮೂರು ರಾತ್ರಿ ಕೋವಿಡ್ ಐಸಿಯು, ಉಳಿದ ಹೊತ್ತಿನಲ್ಲಿ ಜೂಮ್. ಮೊದಲ ವರ್ಷದ ಮೂರು ವಿಷಯಗಳನ್ನು ಇಲ್ಲಿ 'ಮೂರು ಪಿ'ಗಳು ಅನ್ನುತ್ತಾರೆ: ಪೆಥೊಫಿಸಿಯಾಲಜಿ (ರೋಗ ಬಂದಾಗ ದೇಹದೊಳಗೆ ಏನಾಗುತ್ತದೆ), ಫಾರ್ಮಕಾಲಜಿ (ಔಷಧಿಗಳ ವಿಷಯ), ಫಿಸಿಕಲ್ ಅಸೆಸ್ಮೆಂಟ್ (ದೇಹ ಪರೀಕ್ಷೆ). ಮೂರನೆಯದಕ್ಕೆ ಮನೆಯಲ್ಲೇ ಯಾರನ್ನಾದರೂ ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ವಿಡಿಯೊ ಕಳಿಸಬೇಕಿತ್ತು. ನಮ್ಮ ಯಜಮಾನರು ಬನಿಯನ್ ತೆಗೆದು ಸೋಫಾದ ಮೇಲೆ ಮಲಗಿದರು, ಏಳು ವರ್ಷದ ಮಗ ಫೋನ್ ಹಿಡಿದ. ನಾನು ಹೊಟ್ಟೆ ತಟ್ಟಿ ಲಿವರಿನ ಅಂಚು ಹುಡುಕುತ್ತಿದ್ದಾಗ ಅವನು "ಅಮ್ಮಾ, ಅಪ್ಪನ ಹೊಟ್ಟೇಲಿ ದೋಸೆ ಇದೆ" ಅಂದದ್ದು ಆ ವಿಡಿಯೊದಲ್ಲಿ ಈಗಲೂ ಇದೆ. ಪ್ರೊಫೆಸರ್‌ಗೆ ಕನ್ನಡ ಬರುತ್ತಿರಲಿಲ್ಲ, ಬಚಾವ್.

ಫಾರ್ಮಕಾಲಜಿ ಸುಲಭ ಅಂದುಕೊಂಡಿದ್ದೆ. ಬಿಪಿ ಏರಿಸುವ ನಾರ್‌ಎಪಿನೆಫ್ರಿನ್ ಬಾಟಲಿ ನಾನು ನೇತುಹಾಕಿದ ಸಲಗಳಿಗೆ ಲೆಕ್ಕವಿಲ್ಲ. ಯಾವ ಲೈನಿನಲ್ಲಿ ಬಿಡಬೇಕು, ಎಷ್ಟು ವೇಗದಲ್ಲಿ, ಅಕಸ್ಮಾತ್ ಸೂಜಿ ಜಾರಿ ಹೊರಗೆ ಸೋರಿದರೆ ಏನು ಮಾಡಬೇಕು, ಎಲ್ಲ ಬಾಯಿಪಾಠ. ಆದರೆ 'ಇದನ್ನೇ ಏಕೆ, ವೇಸೊಪ್ರೆಸಿನ್ ಏಕಲ್ಲ, ಎರಡನೆಯದನ್ನು ಯಾವಾಗ ಸೇರಿಸುತ್ತೀಯ' ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು. ಅಡುಗೆ ಬಡಿಸುತ್ತಾ ಇಪ್ಪತ್ತು ವರ್ಷ ಕಳೆದವಳಿಗೆ ಒಮ್ಮೆಲೇ ಸೌಟು ಕೊಟ್ಟು, ನೀನೇ ಹುಳಿ ಕೂಡು ಅಂದ ಹಾಗೆ.

ನಿಜವಾದ ಓದು ಆಸ್ಪತ್ರೆಯಲ್ಲಿ. ಡಿಎನ್‌ಪಿಗೆ ಬಿಎಸ್ಸಿ ನಂತರ ಒಟ್ಟು 1000 ಗಂಟೆ ಪ್ರಾಕ್ಟೀಸ್ ಬೇಕು. ಅದರಲ್ಲಿ ಕನಿಷ್ಠ 750 ಗಂಟೆ ನೇರವಾಗಿ ರೋಗಿಗಳ ಆರೈಕೆಯಲ್ಲೇ ಇರಬೇಕೆಂದು 2022ರಲ್ಲಿ ಬಂದ ರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅದಕ್ಕೊಬ್ಬ ಪ್ರಿಸೆಪ್ಟರ್, ಅಂದರೆ ಪಕ್ಕದಲ್ಲಿಟ್ಟುಕೊಂಡು ಕಲಿಸುವ ಗುರು ಬೇಕು. ಸೇರುವಾಗ ಕಾಲೇಜಿನವರು "ನಾವು ಸಹಾಯ ಮಾಡುತ್ತೇವೆ" ಎಂದಿದ್ದರು. ಸಹಾಯ ಎಂದರೆ ಒಂದು ಹಳೆಯ ಎಕ್ಸೆಲ್ ಪಟ್ಟಿ. ಅದರಲ್ಲಿದ್ದ ಅರ್ಧ ಜನ ಕೆಲಸ ಬಿಟ್ಟಿದ್ದರು, ಉಳಿದವರು ಇಮೇಲಿಗೆ ಉತ್ತರ ಕೊಡಲಿಲ್ಲ. ವರ್ಷಕ್ಕೆ ಇಷ್ಟೊಂದು ಡಾಲರ್ ಫೀಸು ಕಟ್ಟಿಸಿಕೊಂಡು, ಗುರುವನ್ನು ನೀನೇ ಹುಡುಕಿಕೋ ಅನ್ನುವುದು ನನಗೆ ಇವತ್ತಿಗೂ ಅನ್ಯಾಯವೆಂದೇ ಕಾಣುತ್ತದೆ. ಕೊನೆಗೆ ನಮ್ಮ ಯೂನಿಟ್ಟಿನ ಚಾರ್ಜ್ ನರ್ಸ್ ತನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ಒಪ್ಪಿಸಿದಳು.

ಅವರು ಅರವತ್ತರ ಹತ್ತಿರದ ನರ್ಸ್ ಪ್ರಾಕ್ಟೀಷನರ್. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಹೆಸರು ಹಿಡಿದು ಕರೆಯಬೇಕು ಅಂದರು. ನಾಲಿಗೆ ತಿರುಗದೆ ಮೊದಲ ತಿಂಗಳೆಲ್ಲ ಹೆಸರೇ ಹೇಳದೆ "ಎಕ್ಸ್‌ಕ್ಯೂಸ್ ಮಿ"ಯಲ್ಲೇ ಕಳೆದೆ.

ಮೂರನೇ ರಾತ್ರಿ. ಎಪ್ಪತ್ತು ದಾಟಿದ ಹೆಂಗಸು, ಮೂತ್ರದ ಸೋಂಕು ರಕ್ತಕ್ಕೆ ಏರಿದೆ. ಹೃದಯ ಮೊದಲೇ ದುರ್ಬಲ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಿಪಿ ಇಳಿಯುತ್ತಿದೆ. ನಾನು ನೋಡಿ ಬಂದು "ಯಾಕೋ ಸರಿ ಕಾಣ್ತಿಲ್ಲ" ಅಂದೆ.

"ಸರಿ ಕಾಣ್ತಿಲ್ಲ ಅಂದ್ರೆ? ನಿನ್ನ ಕಣ್ಣಿಗೆ ಕಂಡದ್ದೇನು?"

ತಡವರಿಸಿದೆ. ಇಷ್ಟು ವರ್ಷ ಬೆಳೆಸಿಕೊಂಡ ಕಣ್ಣು ಅದು. ಬಾಗಿಲಲ್ಲಿ ನಿಂತೇ ಈ ರೋಗಿ ಬೆಳಗಿನ ಹೊತ್ತಿಗೆ ಹದಗೆಡುತ್ತಾಳೆ ಎಂದು ಗೊತ್ತಾಗುತ್ತದೆ. ಆದರೆ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಿರಲಿಲ್ಲ. ಅವರು ನನ್ನನ್ನು ಮತ್ತೆ ಮಂಚದ ಬಳಿಗೆ ಕರೆದುಕೊಂಡು ಹೋದರು. ಮೊಣಕಾಲಿನ ಮೇಲೆ ನೀಲಿ ಬಲೆಯ ಹಾಗೆ ಮಚ್ಚೆ. ಅಂಗೈ ತಣ್ಣಗೆ. ಬೆರಳ ತುದಿಯನ್ನು ಹತ್ತು ಸೆಕೆಂಡು ಒತ್ತಿ ಬಿಡು ಅಂದರು. ಬಿಳಿಚಿದ ಜಾಗಕ್ಕೆ ರಕ್ತ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ಎಣಿಸಿದೆ, ಐದು. "ಇದನ್ನೇ ನೀನು ಬಾಗಿಲಲ್ಲಿ ನೋಡಿದ್ದು. ಹಾಗಂತ ಹೇಳು" ಅಂದರು. ಆಮೇಲೆ ಕೇಳಿದರು: "ಈಗ ನೀನೇನು ಮಾಡ್ತೀಯಾ?"

ನನ್ನ ಬಾಯಿಂದ ಬಂದದ್ದು: "ಡಾಕ್ಟರ್‌ಗೆ ತಿಳಿಸ್ತೀನಿ."

"ತಿಳಿಸಿ ಆಯ್ತು. ನರ್ಸ್ ತಿಳಿಸಿದ್ದು ನಿನಗೇ."

ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ಒಂದೇ. ಆ ರಾತ್ರಿ ನನಗೆ ಕೇಳಿಸಿದ್ದು ಮಾತ್ರ ಖಂಡಿತ ಏಕವಚನ.

ಪುಸ್ತಕದಲ್ಲಿ ಉತ್ತರವಿದೆ. ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿನಿಂದ ಅಂಗಾಂಗಗಳೇ ಕೆಡತೊಡಗಿದ ಸ್ಥಿತಿಯಲ್ಲಿ, ರಕ್ತದ ಹರಿವು ಕುಸಿದರೆ ಮೊದಲ ಮೂರು ಗಂಟೆಯಲ್ಲಿ ದೇಹದ ತೂಕದ ಕೆಜಿಗೆ 30 ಮಿಲಿಲೀಟರಿನಷ್ಟಾದರೂ ದ್ರವ, ರಕ್ತದ ಸರಾಸರಿ ಒತ್ತಡ 65 ದಾಟುವ ಹಾಗೆ ಔಷಧಿ, ಶಾಕ್ ಆಗಿದ್ದರೆ, ಅಂದರೆ ಬಿಪಿ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದಿದ್ದರೆ, ಒಂದು ಗಂಟೆಯೊಳಗೆ ಆಂಟಿಬಯೋಟಿಕ್. ಆದರೆ ಈ ಹೆಂಗಸಿನ ಕಿಡ್ನಿ ಮೂತ್ರ ಮಾಡುವುದೇ ಕಮ್ಮಿ, ಹೃದಯ ಹೆಚ್ಚು ನೀರು ಎಳೆಯುವುದಿಲ್ಲ. ಕೊಟ್ಟರೆ ಶ್ವಾಸಕೋಶದಲ್ಲಿ ನೀರು, ಕೊಡದಿದ್ದರೆ ಶಾಕ್. ಎರಡು ನಿಮಿಷ ಸುಮ್ಮನೆ ನಿಂತೆ. ಅವರೂ ಸುಮ್ಮನೆ ನಿಂತರು. ಆಮೇಲೆ "ಕಾಲು ಎತ್ತಿ ನೋಡೋಣವೇ?" ಎಂದೆ. ಮಂಚದ ತಲೆಯ ಕಡೆ ಚಪ್ಪಟೆ ಮಾಡಿ ಕಾಲಿನ ಕಡೆ ಎತ್ತಿದರೆ ಕಾಲಿನ ರಕ್ತವೇ ಹೃದಯಕ್ಕೆ ಇಳಿಯುತ್ತದೆ. ಹೊರಗಿನಿಂದ ಹನಿ ನೀರೂ ಕೊಡದೆ, ಕೊಟ್ಟರೆ ಪ್ರಯೋಜನವಿದೆಯೇ ಎಂದು ತಿಳಿಯುವ ಉಪಾಯ. ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಹೆಚ್ಚಿತು. ಸ್ವಲ್ಪ ಸ್ವಲ್ಪವಾಗಿ ದ್ರವ ಬರೆದೆ, ಪ್ರತಿ ಸಲವೂ ಬೆರಳು ಒತ್ತಿ ನೋಡಿದೆ. ಕಂಪ್ಯೂಟರಿನಲ್ಲಿ ಆರ್ಡರ್ ಒತ್ತುವಾಗ ಕೈ ನಡುಗುತ್ತಿತ್ತು. ಕೆಳಗೆ ಅವರ ಸಹಿಯೂ ಬೀಳಬೇಕಿತ್ತು, ಆದರೆ ಮೊದಲು ಇದ್ದದ್ದು ನನ್ನ ಹೆಸರು.

ಬೆಳಗಿನ ರೌಂಡ್ಸಿನಲ್ಲಿ ಒಪ್ಪಿಸುವುದು ಇನ್ನೊಂದು ಹಿಂಸೆ. ನರ್ಸುಗಳು ಕಥೆ ಹೇಳುತ್ತೇವೆ: ರಾತ್ರಿ ಹೀಗಾಯ್ತು, ಮಗಳು ಬಂದಿದ್ದಳು, ಊಟ ಬೇಡ ಅಂದರು. ಇಲ್ಲಿ ಅಂಗಾಂಗಗಳ ಲೆಕ್ಕದಲ್ಲಿ ಹೇಳಬೇಕು. ಮೆದುಳು, ಹೃದಯ, ಶ್ವಾಸಕೋಶ, ಕಿಡ್ನಿ, ಸೋಂಕು, ಒಂದೊಂದಕ್ಕೂ ಸ್ಥಿತಿ ಮತ್ತು ಯೋಜನೆ. ಮೊದಮೊದಲು ನನ್ನ ಪಾಳಿ ಬಂದಾಗ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಆದರೂ ಒಂದು ಹೇಳಬೇಕು. ಮಗಳು ಬಂದಿದ್ದಳು ಎಂಬ ಮಾತನ್ನು ನಾನು ಬಿಡಲಿಲ್ಲ, ಕೊನೆಗೆ ಒಂದು ಸಾಲಿನಲ್ಲಿ ಸೇರಿಸುತ್ತಿದ್ದೆ. ಎಷ್ಟೋ ಸಲ ಮುಂದಿನ ನಿರ್ಧಾರಕ್ಕೆ ಬೇಕಾದದ್ದು ಅದೇ ಸಾಲು.

ಇನ್ನು ಪ್ರಾಜೆಕ್ಟ್. ವೆಂಟಿಲೇಟರ್ ಒಂದೊಂದು ಉಸಿರಿಗೂ ಎಷ್ಟು ಗಾಳಿ ತಳ್ಳಬೇಕು ಅನ್ನುವುದನ್ನು ರೋಗಿಯ ತೂಕದಿಂದಲ್ಲ, ಎತ್ತರದಿಂದ ಲೆಕ್ಕ ಹಾಕುತ್ತಾರೆ. ಮೈ ದಪ್ಪವಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ ನೋಡಿ. ಎತ್ತರದಿಂದ ಒಂದು 'ಅಂದಾಜು ತೂಕ' ಬರುತ್ತದೆ, ಶ್ವಾಸಕೋಶ ತೀವ್ರವಾಗಿ ಹಾನಿಗೊಂಡವರಿಗೆ ಅದರ ಕೆಜಿಗೆ 6 ಮಿಲಿಲೀಟರ್. 2000ದಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ 861 ರೋಗಿಗಳಿದ್ದರು. 12ರ ಬದಲು 6 ಮಿಲಿಲೀಟರ್ ಕೊಟ್ಟ ಗುಂಪಿನಲ್ಲಿ ಸಾವು ಶೇ. 39.8ರಿಂದ ಶೇ. 31ಕ್ಕೆ ಇಳಿದಿತ್ತು. ಐಸಿಯುನಲ್ಲಿ ಇದು ಗೊತ್ತಿಲ್ಲದವರಿಲ್ಲ.

ಆದರೆ ಎತ್ತರ ಯಾರು ಅಳೆಯುತ್ತಾರೆ? ಕೋವಿಡ್ ಕಾಲದ ರಾತ್ರಿಗಳಲ್ಲಿ ನನ್ನ ತಲೆ ಕೊರೆದದ್ದು ಇದೇ. ಪ್ರಜ್ಞೆಯಿಲ್ಲದ ರೋಗಿ ಬರುತ್ತಾರೆ, ಚಾರ್ಟಿನಲ್ಲಿ ಎತ್ತರದ ಖಾನೆ ತುಂಬಿರುತ್ತದೆ. ಎಲ್ಲಿಂದ ಬಂತು? ಮನೆಯವರನ್ನು ಕೇಳಿದ್ದು, ಡ್ರೈವಿಂಗ್ ಲೈಸೆನ್ಸ್ ನೋಡಿದ್ದು, ಇಲ್ಲವೇ ಮಂಚದ ಮೇಲೆ ಮಲಗಿದವರನ್ನು ನೋಡಿ ಅಂದಾಜು ಮಾಡಿದ್ದು. ಇಲ್ಲಿನ ಲೈಸೆನ್ಸಿನಲ್ಲಿ ಎತ್ತರವೂ ಇರುತ್ತದೆ, ಗಂಡಸರು ಒಂದಿಂಚು ಸೇರಿಸಿಯೇ ಬರೆಸುತ್ತಾರೆ. ಇದರಿಂದ ಪೆಟ್ಟು ತಿನ್ನುವವರು ಕುಳ್ಳ ಹೆಂಗಸರು. ಐದಡಿ, ಅಂದರೆ 152 ಸೆಂಟಿಮೀಟರ್ ಎತ್ತರದ ಹೆಂಗಸಿನ ಅಂದಾಜು ತೂಕ 45.5 ಕೆಜಿ. ಆರರಿಂದ ಗುಣಿಸಿದರೆ 273 ಮಿಲಿಲೀಟರ್. ರಾತ್ರಿ ಎರಡು ಗಂಟೆಗೆ ಅವಸರದಲ್ಲಿ ಮಿಷನ್ನಿಗೆ 450 ಎಂದು ಒತ್ತಿದರೆ ಕೆಜಿಗೆ ಹತ್ತಿರ ಹತ್ತಿರ 10ರ ಲೆಕ್ಕವಾಯಿತು. ನಮ್ಮಮ್ಮನ ಎತ್ತರ ಐದಡಿಗೂ ಕಮ್ಮಿ. ಲೆಕ್ಕ ಮಾಡುವಾಗೆಲ್ಲ ಮಂಚದ ಮೇಲೆ ಅವಳೇ ಮಲಗಿದ ಹಾಗೆ ಕಾಣುತ್ತಿತ್ತು.

ವೆಂಟಿಲೇಟರ್ ಹಾಕಿದ ಪ್ರತಿಯೊಬ್ಬರ ಎತ್ತರವನ್ನೂ ಟೇಪು ಹಿಡಿದು ಅಳೆಯಬೇಕು ಎಂದು ಪ್ರಸ್ತಾಪ ಬರೆದೆ. ಸಮಿತಿಯಲ್ಲಿದ್ದ ಪ್ರೊಫೆಸರ್ ಒಬ್ಬರು "ಇಷ್ಟೇನಾ?" ಅಂದರು. ಅವಮಾನವಾಯಿತು, ಸುಳ್ಳೇಕೆ. ಇಷ್ಟೇ ಎಂಬುದನ್ನು ಮಾಡಿಸಲು ಒಂದೂವರೆ ವರ್ಷ ಹಿಡಿಯಿತು. ಇದು ಸಂಶೋಧನೆಯಲ್ಲ, ಗುಣಮಟ್ಟ ಸುಧಾರಣೆ ಎಂದು ಎಥಿಕ್ಸ್ ಸಮಿತಿಯಿಂದ ಬರೆಸಿಕೊಳ್ಳುವುದಕ್ಕೇ ಒಂದು ಸೆಮಿಸ್ಟರ್. ನಾನು ಮೊದಲು ತಂದದ್ದು ದರ್ಜಿಯ ಬಟ್ಟೆ ಟೇಪು, ಒಂದು ಮಂಚಕ್ಕೊಂದು. ಸೋಂಕು ನಿಯಂತ್ರಣದವರು ಮೊದಲ ದಿನವೇ ಎತ್ತಿ ಕಸದ ಬುಟ್ಟಿಗೆ ಹಾಕಿದರು: ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಕೂಡದು. ಸರಿ, ಬಳಸಿ ಎಸೆಯುವ ಉದ್ದನೆಯ ಕಾಗದದ ಟೇಪು ತಂದೆವು. ಆಮೇಲೆ ಮೊಣಕಾಲು ಮಡಚಿಕೊಂಡ ರೋಗಿಗಳು ಸಿಕ್ಕರು, ಪಾರ್ಶ್ವವಾಯುವಾಗಿ ಕಾಲು ಸೆಟೆದವರು. ಅವರಿಗೆ ಮುಂಗೈ ಮೂಳೆ ಅಳೆದು ಎತ್ತರ ಅಂದಾಜಿಸುವ ಕೋಷ್ಟಕ ಅಂಟಿಸಿದೆವು. ಗೇಣು, ಮೊಳ ಎಂದು ಅಳೆದ ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಕೊನೆಗೆ ಅಡ್ಡ ಬಂದದ್ದು ಕಂಪ್ಯೂಟರ್. ಅಳೆದದ್ದೋ ಅಂದಾಜೋ ಎಂದು ಗುರುತು ಮಾಡಲು ಚಾರ್ಟಿನಲ್ಲಿ ಜಾಗವೇ ಇರಲಿಲ್ಲ. ಆ ಒಂದು ಖಾನೆ ಸೇರಿಸಲು ಮೀಟಿಂಗಿನ ಮೇಲೆ ಮೀಟಿಂಗು.

ಕೆಲಸ ನಡೆದದ್ದು ನನ್ನ ಭಾಷಣದಿಂದಲ್ಲ. ಉಸಿರಾಟದ ಥೆರಪಿಸ್ಟ್‌ಗಳಲ್ಲಿ ಒಬ್ಬಳು, ಐದಡಿ ಇರದವಳು, "ನನಗೇನಾದರೂ ಆದರೆ ಇವರು ನನ್ನ ಎದೆ ಒಡೀತಾರಲ್ಲ" ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ಅಲ್ಲಿಂದ, ಎತ್ತರ ಅಳೆಸಿಕೊಂಡ ರೋಗಿಗಳ ಲೆಕ್ಕದ ಗ್ರಾಫಿನ ಗೆರೆ ಮೇಲಕ್ಕೆ ಹೋಯಿತು. ಸಮಿತಿಯ ಮುಂದೆ ಪ್ರಾಜೆಕ್ಟ್ ಮಂಡಿಸಿದ ದಿನ ಶಿಕಾಗೊದಲ್ಲಿ ಬೆಳಿಗ್ಗೆ ಹತ್ತು, ಅರಸೀಕೆರೆಯಲ್ಲಿ ರಾತ್ರಿ ಎಂಟೂವರೆ. ಅಮ್ಮ ತಮ್ಮನ ಫೋನಿನಲ್ಲಿ ನೋಡಿದಳು. ಇಂಗ್ಲಿಷ್ ಅರ್ಥವಾಗಲಿಲ್ಲ, ಟೇಪಿನ ಚಿತ್ರ ಬಂದಾಗ ಮಾತ್ರ ಕೂಗಿದಳಂತೆ.

2024ರ ಮೇ ತಿಂಗಳಲ್ಲಿ ಪದವಿ, ಬೇಸಿಗೆಯಲ್ಲಿ ಪರೀಕ್ಷೆ. ಮೂರೂವರೆ ಗಂಟೆ, 175 ಪ್ರಶ್ನೆ. ಅದರಲ್ಲಿ 25ಕ್ಕೆ ಅಂಕವಿಲ್ಲ, ಯಾವ 25 ಎಂದು ಹೇಳುವುದಿಲ್ಲ. ಪಾಸಾದೆ. ಇಲಿನಾಯ್‌ನಲ್ಲಿ ಪೂರ್ಣ ಸ್ವತಂತ್ರವಾಗಿ ಪ್ರಾಕ್ಟೀಸ್ ಮಾಡಬೇಕಾದರೆ ಇನ್ನೂ 4000 ಗಂಟೆ ಅನುಭವ, 250 ಗಂಟೆ ಮುಂದುವರಿದ ತರಬೇತಿ ಬೇಕು. ಅಲ್ಲಿಯವರೆಗೆ ವೈದ್ಯರೊಂದಿಗೆ ಒಪ್ಪಂದದಲ್ಲಿ ಕೆಲಸ. ನನಗದು ತೊಡಕೆನಿಸಿಲ್ಲ, ಐಸಿಯುನಲ್ಲಿ ಒಬ್ಬರೇ ದುಡಿಯುವವರು ಯಾರಿದ್ದಾರೆ.

ಜೂನಿಯರ್‌ಗಳಿಗೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. 2015ರ ಹೊತ್ತಿಗೆ ಎಲ್ಲ ನರ್ಸ್ ಪ್ರಾಕ್ಟೀಷನರ್‌ಗಳಿಗೂ ಡಿಎನ್‌ಪಿ ಇರಬೇಕು ಎಂದು ಇಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ನಿರ್ಣಯ ಮಾಡಿತ್ತು. ಆಗಲಿಲ್ಲ. ಇವತ್ತಿಗೂ ಮಾಸ್ಟರ್ಸ್ ಮುಗಿಸಿ ಅದೇ ಪರೀಕ್ಷೆ ಬರೆದು ಅದೇ ಹುದ್ದೆಗೆ ಸೇರಬಹುದು, ಸಂಬಳದಲ್ಲೂ ಅಂಥ ವ್ಯತ್ಯಾಸವಿಲ್ಲ. ಹೊಸದಾಗಿ ಓದಿ ಬರುವ ಅರಿವಳಿಕೆ ನರ್ಸುಗಳಿಗೆ ಮಾತ್ರ ಡಾಕ್ಟರೇಟ್ ಕಡ್ಡಾಯವಾಗಿದೆ. ಸಾಲ ಮಾಡಿ ಬರುವವರು ಇದನ್ನು ತಿಳಿದೇ ಬನ್ನಿ. ಊರಲ್ಲೇ ಇರುವವರಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಎರಡು ವರ್ಷದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ರೆಸಿಡೆನ್ಸಿ ಇದೆ, ಅದನ್ನೂ ಒಮ್ಮೆ ವಿಚಾರಿಸಿ. ನಾನು ಡಿಎನ್‌ಪಿಯನ್ನೇ ಏಕೆ ಮಾಡಿದೆ ಅಂದರೆ, ಆ ಟೇಪು. ಮಾಸ್ಟರ್ಸ್ ಓದಿದ್ದರೆ ಒಬ್ಬೊಬ್ಬ ರೋಗಿಗೆ 273 ಎಂದು ನಾನೇ ಸರಿಯಾಗಿ ಬರೆಯುತ್ತಿದ್ದೆ. ಚಾರ್ಟಿನಲ್ಲಿ ಆ ಖಾನೆ ಇರುತ್ತಿರಲಿಲ್ಲ.

ಮತ್ತೆ ಆ 'ಡಾಕ್ಟರ್' ಪ್ರಶ್ನೆ. ರೋಗಿಯ ಕೋಣೆಯಲ್ಲಿ ನನ್ನ ಹೆಸರು ಹೇಳಿ "ನಾನು ನರ್ಸ್ ಪ್ರಾಕ್ಟೀಷನರ್" ಅನ್ನುತ್ತೇನೆ. ನಮ್ಮ ಕಡೆಯ ಅಜ್ಜಿಯೊಬ್ಬರು ಒಮ್ಮೆ ಅಡ್ಮಿಟ್ ಆಗಿದ್ದರು, ಮಗನ ಮನೆಗೆಂದು ಬಂದವರು. ಕನ್ನಡ ಕೇಳಿದ್ದೇ ನನ್ನ ಕೈ ಹಿಡಿದು, "ಸಿಸ್ಟರ್ ಅನ್ನಲೇ, ಡಾಕ್ಟರಮ್ಮ ಅನ್ನಲೇ?" ಅಂದರು. "ಮಗಳೇ ಅನ್ನಿ" ಎಂದೆ. ಎತ್ತರ ಕೇಳಿದ್ದಕ್ಕೆ "ಅದನ್ಯಾರು ಅಳೆದಿದಾರವ್ವ" ಎಂದು ನಕ್ಕರು. ವೆಂಟಿಲೇಟರ್ ಬೇಕಾಗಲಿಲ್ಲ, ಆದರೂ ಅಳೆದೆ. 147.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಉಳಿದಿದ್ದ ಕಾಗದದ ಟೇಪಿನ ಕಟ್ಟೊಂದನ್ನು ಅಮ್ಮನಿಗೆ ಕೊಟ್ಟೆ. ಬಳಸಿ ಎಸೆಯುತ್ತಾರೆ ಎಂದರೆ ಅವಳಿಗೆ ನಂಬಿಕೆಯಿಲ್ಲ. ತನ್ನ ಹಳೇ ಬಟ್ಟೆ ಟೇಪನ್ನು ಮಿಷನ್ನಿನ ಡ್ರಾಯರಿನಿಂದ ತೆಗೆದು ಎರಡನ್ನೂ ಪಕ್ಕಪಕ್ಕ ಹಾಸಿದಳು. ಮೂವತ್ತಾರನೇ ಇಂಚಿನ ಹತ್ತಿರ ಅವಳದ್ದು ಅರ್ಧ ಇಂಚು ಮುಂದಿತ್ತು. ಇಪ್ಪತ್ತು ವರ್ಷ ಎಳೆದೆಳೆದು ಜಗ್ಗಿಹೋಗಿದೆ.

"ಅಯ್ಯೋ, ಇಷ್ಟು ದಿನ ಎಲ್ಲರ ರವಿಕೆ ತಪ್ಪು ಅಳತೆಲಿ ಹೊಲಿದೆಯಲ್ಲಮ್ಮ" ಎಂದೆ.

ಅವಳು ಟೇಪನ್ನು ಸುರುಳಿ ಸುತ್ತಿ ಮತ್ತೆ ಡ್ರಾಯರಿಗೆ ಹಾಕಿದಳು. "ಅಳೆದದ್ದೂ ಅದ್ರಲ್ಲೇ, ಕತ್ತರಿಸಿದ್ದೂ ಅದ್ರಲ್ಲೇ ಕಣೇ. ಯಾರಿಗೂ ಬಿಗಿ ಆಗ್ಲಿಲ್ಲ."